ಚಿನ್ನದ ಗಣಿಯ ಇತಿಹಾಸವೂ ಸಾಹಸಚಿತ್ರದ ಔಚಿತ್ಯವೂ

೧

ಇತಿಹಾಸದಿಂದಲೋ ಕಾದಂಬರಿಯಿಂದಲೋ ವಸ್ತುವನ್ನು ಎರವು ಪಡೆದು ರಚಿತವಾದ ಚಲಚ್ಚಿತ್ರವನ್ನು ಅದರ ಮೂಲದೊಡನೆ ಹೋಲಿಸಿ ನೋಡುವುದು ಪ್ರೇಕ್ಷಕರಿಗೆ ಸಹಜವಾದ ಪ್ರವೃತ್ತಿ. ಈ ಹೋಲಿಕೆ ಬಹುಮಟ್ಟಿಗೆ ನಿರಾಶೆಯಲ್ಲಿಯೇ ಪರ್ಯವಸಾನವಾಗುತ್ತದೆ. ನಿರಾಶೆಗೆ ಕಾರಣವನ್ನು ಕೇಳಿದರೆ ಸಾಮಾನ್ಯವಾಗಿ ಎರಡು ಮಾತುಗಳು ಬರುತ್ತವೆ: ಕಥೆಯನ್ನು ಕೆಡಿಸಿದರು ಎಂಬುದು ಒಂದು, ಪಾತ್ರಕ್ಕೆ ತಕ್ಕ ನಟನನ್ನು ಆರಿಸಲಿಲ್ಲ ಎಂಬುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ದೋಷಗಳೆಂದು ಎಣಿಸುವುದು ರೂಢಿಯಾಗಿದೆ. ಆದರೆ ಸಾಹಸಪ್ರಧಾನವಾದ ಚಿತ್ರಗಳ ಮಟ್ಟಿಗಾದರೂ ಇವು ಒಂದೇ ದೋಷದ ಎರಡು ಮುಖಗಳೆಂದು ನಮಗೆ ತೋರುತ್ತದೆ. ಯಾರ ಕಥೆಯನ್ನು ಹೇಳಬೇಕೆಂಬ ನಿರ್ಣಯ ತಪ್ಪಿದ ಕಡೆ ಯಾವ ನಟನನ್ನು ತಂದು ನಿಲ್ಲಿಸಿದರೂ ಪಾತ್ರ ಹೊಂದುವುದಿಲ್ಲ.

ಈ ಮಾತನ್ನು ಪರೀಕ್ಷಿಸಲು ನಮ್ಮ ಜಿಲ್ಲೆಯೇ ಒಂದು ಉತ್ತಮ ಉದಾಹರಣೆಯನ್ನು ಒದಗಿಸಿದೆ. ಕೋಲಾರದ ಚಿನ್ನದ ಗಣಿಯ ಹೆಸರನ್ನು ಶಿರೋನಾಮೆಯಾಗಿ ಧರಿಸಿ, ಅಲ್ಲಿಯ ಸೈನೈಡ್ ದಿಬ್ಬಗಳ ಮೇಲೆಯೇ ಚಿತ್ರಿತವಾಗಿ, ಪ್ರಶಾಂತ್ ನೀಲ್ ಅವರ ನಿರ್ದೇಶನದಲ್ಲಿ ಎರಡು ಅಧ್ಯಾಯಗಳಾಗಿ ಹೊರಬಂದ ‘ಕೆ.ಜಿ.ಎಫ್.’ ಚಿತ್ರ (೨೦೧೮, ೨೦೨೨) ಕನ್ನಡ ಚಿತ್ರೋದ್ಯಮದ ಚರಿತ್ರೆಯಲ್ಲಿ ಹಿಂದೆಂದೂ ಕಾಣದ ಪ್ರಸಾರವನ್ನು ಪಡೆಯಿತು. ೨೦೨೪ರ ಆಗಸ್ಟ್ ತಿಂಗಳಲ್ಲಿ ಅದೇ ನೆಲದ ಪೂರ್ವಕಥೆಯನ್ನು ತಮಿಳಿನಲ್ಲಿ ಹೇಳುವ, ಪಾ. ರಂಜಿತ್ ಅವರ ‘ತಂಗಲಾನ್’ ಬಂದಿತು. ಒಂದೇ ಸ್ಥಳವನ್ನು ಕುರಿತು ಎರಡು ಭಾಷೆಗಳಲ್ಲಿ, ಆರು ವರ್ಷಗಳ ಅಂತರದಲ್ಲಿ, ಇಷ್ಟು ಭಿನ್ನವಾದ ದೃಷ್ಟಿಗಳಿಂದ ಚಿತ್ರಗಳು ಬರುವುದು ಅಪರೂಪ.

ಇತಿಹಾಸದ ಅಧ್ಯಾಪಕರು ಸಾಹಸಚಿತ್ರಗಳನ್ನು ಕುರಿತು ಬರೆಯಬೇಕೆ ಎಂಬ ಆಕ್ಷೇಪಕ್ಕೆ ಮೊದಲೇ ಉತ್ತರ ಹೇಳುವುದು ಒಳ್ಳೆಯದು. ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ ಮತ್ತು ಆಂಡರ್ಸನ್‌ಪೇಟೆಗಳಿಂದ ಬಂದು ನಮ್ಮ ತರಗತಿಗಳಲ್ಲಿ ಕುಳಿತುಕೊಳ್ಳುವ ವಿದ್ಯಾರ್ಥಿಗಳಲ್ಲಿ ಅನೇಕರು ಗಣಿ ಕಾರ್ಮಿಕರ ಮೊಮ್ಮಕ್ಕಳು. ಗಣಿ ೨೦೦೧ರಲ್ಲಿ ಮುಚ್ಚಿತು. ಇವರಲ್ಲಿ ಬಹುಪಾಲು ಜನ ಹುಟ್ಟಿದ್ದು ಆಮೇಲೆ. ತಮ್ಮ ಊರನ್ನು ಕುರಿತು ಹೊರಗಿನವರು ಕೇಳುವ ಮೊದಲ ಪ್ರಶ್ನೆ ಈಗ ಚಿತ್ರದ ನಾಯಕನನ್ನು ಕುರಿತದ್ದಾಗಿರುತ್ತದೆ. ಇವರು ಕೊಡುವ ಉತ್ತರವೂ ಎಷ್ಟೋ ವೇಳೆ ಚಿತ್ರದಿಂದಲೇ ಬಂದುದಾಗಿರುತ್ತದೆ. ಪಠ್ಯಪುಸ್ತಕ ಬಿಟ್ಟ ಖಾಲಿ ಜಾಗವನ್ನು ಚಿತ್ರ ತುಂಬಿದೆ. ಹಾಗೆ ತುಂಬಿದುದರ ಗುಣವನ್ನು ಪರಿಶೀಲಿಸುವುದು ನಮ್ಮ ಕರ್ತವ್ಯದ ಹೊರಗಿನ ಕೆಲಸವಲ್ಲ.

೨

ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಸಾಹಸಚಿತ್ರಗಳ ತವರೆನಿಸಿದ ಹಾಲಿವುಡ್‌ನಲ್ಲಿ ಕಳೆದ ಎರಡು ದಶಕಗಳಿಂದ ಇದೇ ವಿವಾದ ನಡೆದುಬಂದಿದೆ. ಲೀ ಚೈಲ್ಡ್ ಅವರ ಕಾದಂಬರಿಗಳ ನಾಯಕ ಜ್ಯಾಕ್ ರೀಚರ್ ಆರೂವರೆ ಅಡಿಯ ಆಸುಪಾಸಿನ ಆಜಾನುಬಾಹು. ೨೦೧೨ರ ಚಿತ್ರದಲ್ಲಿ ಆ ಪಾತ್ರವನ್ನು ಟಾಮ್ ಕ್ರೂಸ್ ವಹಿಸಿದಾಗ ಓದುಗರು ಅಸಮಾಧಾನಗೊಂಡರು. ೨೦೧೦ರ ‘ಪ್ರಿನ್ಸ್ ಆಫ್ ಪರ್ಷಿಯಾ’ದಲ್ಲಿ ಪಾರಸಿಕ ರಾಜಕುಮಾರನಾಗಿ ಅಮೆರಿಕದ ಜೇಕ್ ಜಿಲೆನ್‌ಹಾಲ್ ನಿಂತರು. ೨೦೧೩ರ ‘ದಿ ಲೋನ್ ರೇಂಜರ್’ನಲ್ಲಿ ಮೂಲನಿವಾಸಿ ಟೋಂಟೋವಿನ ಪಾತ್ರ ಜಾನಿ ಡೆಪ್ ಅವರ ಪಾಲಾಯಿತು. ೨೦೧೭ರಲ್ಲಿ ಜಪಾನೀ ಮೂಲದ ‘ಘೋಸ್ಟ್ ಇನ್ ದಿ ಶೆಲ್’ ಕಥೆಗೆ ಸ್ಕಾರ್ಲೆಟ್ ಜೊಹಾನ್ಸನ್ ನಾಯಕಿಯಾದರು. ಈ ಎಲ್ಲ ಪ್ರಸಂಗಗಳಲ್ಲಿಯೂ ಆಯ್ಕೆಯ ಹಿಂದೆ ಇದ್ದ ತರ್ಕ ಒಂದೇ: ವಿಪುಲವಾದ ಬಂಡವಾಳಕ್ಕೆ ಪರಿಚಿತವಾದ ಮುಖವೇ ಜಾಮೀನು.

ಇವೆಲ್ಲಕ್ಕಿಂತ ನಮಗೆ ಬೋಧಪ್ರದವಾದುದು ೨೦೧೩ರ ‘ವರ್ಲ್ಡ್ ವಾರ್ ಝೆಡ್’. ಮ್ಯಾಕ್ಸ್ ಬ್ರೂಕ್ಸ್ ೨೦೦೬ರಲ್ಲಿ ಬರೆದ ಮೂಲಗ್ರಂಥಕ್ಕೆ ನಾಯಕನೇ ಇಲ್ಲ. ಮಹಾವಿಪತ್ತೊಂದು ಕಳೆದ ಮೇಲೆ ಲೋಕದ ನಾನಾ ಭಾಗಗಳ ಸಾಮಾನ್ಯರನ್ನು ಸಂದರ್ಶಿಸಿ, ಅವರವರ ಮಾತಿನಲ್ಲಿಯೇ ಅದರ ವೃತ್ತಾಂತವನ್ನು ಜೋಡಿಸಿದಂತೆ ಆ ಕೃತಿಯ ಕಟ್ಟಡವಿದೆ. ಮೌಖಿಕ ಇತಿಹಾಸದ ಅನುಕರಣವೇ ಅದರ ಜೀವಾಳ. ಚಿತ್ರದಲ್ಲಾದರೋ ಆ ನೂರು ದನಿಗಳು ಅಡಗಿ, ಬ್ರ್ಯಾಡ್ ಪಿಟ್ ಒಬ್ಬರೇ ಭೂಮಂಡಲವನ್ನು ಸುತ್ತಿ ಲೋಕವನ್ನು ಉಳಿಸುವವರಾಗುತ್ತಾರೆ. ನಟನಲ್ಲಿ ಯಾವ ಕುಂದೂ ಇಲ್ಲ. ಬಹುಜನರ ಅನುಭವವನ್ನು ಏಕವ್ಯಕ್ತಿಯ ಪರಾಕ್ರಮವಾಗಿ ಮಾರ್ಪಡಿಸಿದುದರಲ್ಲಿ ಕುಂದಿದೆ. ‘ಕೆ.ಜಿ.ಎಫ್.’ನಲ್ಲಿಯೂ ನಡೆದುದು ಇದೇ ಎಂಬುದನ್ನು ಮುಂದೆ ನೋಡಬಹುದು.

೩

ಮೂಲವೇನೆಂಬುದು ತಿಳಿಯದೆ ರೂಪಾಂತರವನ್ನು ಅಳೆಯುವಂತಿಲ್ಲ. ಆದುದರಿಂದ ಗಣಿಯ ಇತಿಹಾಸದ ಮುಖ್ಯಾಂಶಗಳನ್ನು ಇಲ್ಲಿ ಸಂಗ್ರಹವಾಗಿ ಕೊಡುತ್ತೇವೆ.

ಟಿಪ್ಪುಸುಲ್ತಾನನ ಪತನಾನಂತರ ಮೈಸೂರು ಸಂಸ್ಥಾನದ ಪೂರ್ವದ ಎಲ್ಲೆಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ ೧೮೦೨ರಲ್ಲಿ ಉರಿಗಾಂ ಮತ್ತು ಮಾರಿಕುಪ್ಪಂ ಸುತ್ತಿನ ಗ್ರಾಮಸ್ಥರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುತ್ತಿದ್ದುದನ್ನು ಕಂಡು ವರದಿ ಮಾಡಿದನು. ಆ ವರದಿಯನ್ನು ಎಷ್ಟೋ ವರ್ಷಗಳ ಮೇಲೆ ಓದಿದ ಮೈಕೇಲ್ ಲವೆಲ್ ಎಂಬ ಐರಿಷ್ ಮಾಜಿ ಸೈನಿಕನು ೧೮೭೫ರಲ್ಲಿ ಮೈಸೂರು ಸರಕಾರದಿಂದ ಗಣಿಗಾರಿಕೆಯ ಹಕ್ಕನ್ನು ಪಡೆದನು. ಬಂಡವಾಳ ಸಾಲದೆ ಆ ಹಕ್ಕು ಕೈಯಿಂದ ಕೈಗೆ ಹೋಗಿ, ೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕಾರ್ಯರಂಗಕ್ಕೆ ಬಂದ ಮೇಲೆ ಚಿನ್ನದ ಮುಖ್ಯ ಸಿರ ದೊರೆಯಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂಬ ನಾಲ್ಕು ಗಣಿಗಳು ಬೆಳೆದವು.

ಕಮಿಷನರ್ ಬೌರಿಂಗ್ ಅವರ ಹೆಸರಿನಿಂದ ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ೧೮೯೪ರಲ್ಲಿ ರೈಲುದಾರಿಯಾಯಿತು. ಬೇತಮಂಗಲದ ಕೆರೆಯಿಂದ ನೀರು ಬಂದಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ೧೪೭ ಕಿಲೋಮೀಟರು ದೂರ ತಂತಿಯ ಮೇಲೆ ಹರಿದು ಗಣಿಯನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು ಅದಾದ ಮೂರು ವರ್ಷಗಳ ಮೇಲೆ. ಗಣಿಗಳು ೧೯೫೬ರಲ್ಲಿ ಮೈಸೂರು ರಾಜ್ಯ ಸರಕಾರದ ಸ್ವಾಧೀನಕ್ಕೂ ೧೯೬೨ರಲ್ಲಿ ಕೇಂದ್ರ ಸರಕಾರದ ಆಡಳಿತಕ್ಕೂ ಬಂದು, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರಕಾರೀ ಸಂಸ್ಥೆಯಾಗಿ, ೨೦೦೧ರಲ್ಲಿ ನಿಂತುಹೋದುವು. ನೂರಿಪ್ಪತ್ತು ವರ್ಷಗಳಲ್ಲಿ ಹೊರಬಂದ ಚಿನ್ನ ಸುಮಾರು ೮೦೦ ಟನ್ನು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕು ಆಳಕ್ಕೆ ಇಳಿದಿತ್ತು. ತಳದಲ್ಲಿ ಬಂಡೆಯ ಉಷ್ಣತೆ ೬೦ ಡಿಗ್ರಿಯನ್ನು ಮೀರಿತ್ತು. ೧೯೬೫ರಲ್ಲಿ ಅದೇ ಗಣಿಯ ಆಳದಲ್ಲಿ ನಮ್ಮ ದೇಶದ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರೊಡನೆ ಸೇರಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವನ್ನು ಹಿಡಿದರು.

ಇಷ್ಟೂ ಗಣಿಯ ಮಾಲೀಕರ ಮತ್ತು ಯಂತ್ರಗಳ ಚರಿತ್ರೆ. ಕೆಳಗಿಳಿದವರು ಯಾರು? ಕಾರ್ನ್‌ವಾಲಿನಿಂದ ಬಂದ ಗಣಿಗಾರರೂ ಆಂಗ್ಲೋ-ಇಂಡಿಯನ್ನರೂ ಮೇಲ್ವಿಚಾರಣೆಯ ಸ್ಥಾನಗಳಲ್ಲಿದ್ದರು. ಬಂಡೆಯನ್ನು ಕೊರೆದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದ ತಮಿಳು, ತೆಲುಗು ಮಾತಿನ ಭೂಹೀನರು. ಅವರಲ್ಲಿಯೂ ಹೆಚ್ಚಿನವರು ಆದಿದ್ರಾವಿಡರು. ಹಳ್ಳಿಯ ಜಮೀನುದಾರನ ಹಂಗಿನಿಂದ ತಪ್ಪಿಸಿಕೊಂಡು, ನಗದು ಕೂಲಿಯನ್ನು ಅರಸಿ ಬಂದ ಈ ಜನ ಬಿದಿರುತಟ್ಟಿಯ ಗುಡಿಸಲುಗಳ ಲೈನುಗಳಲ್ಲಿ ನೆಲಸಿದರು. ಅವರು ಮೂಕರಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಅಯೋತ್ತಿದಾಸ ಪಂಡಿತರ ಬೌದ್ಧಸಂಘದ ಶಾಖೆ ಮಾರಿಕುಪ್ಪಂನಲ್ಲಿ ನಡೆಯುತ್ತಿತ್ತು. ೧೯೩೦ರಲ್ಲಿ ಕಾರ್ಮಿಕರ ಬೆರಳಚ್ಚನ್ನು ಕಡ್ಡಾಯವಾಗಿ ಪಡೆದು ನೋಂದಾಯಿಸುವ ಕ್ರಮವನ್ನು ವಿರೋಧಿಸಿ ಸುಮಾರು ಮೂರು ವಾರಗಳ ಮುಷ್ಕರ ನಡೆಯಿತು. ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮನ್ನಣೆ ದೊರೆತದ್ದು ಆ ಮುಂದಿನ ದಶಕದಲ್ಲಿ. ೧೯೪೬ರಲ್ಲಿ ಇನ್ನೂ ದೀರ್ಘವಾದ ಮುಷ್ಕರ ನಡೆದು, ಅದೇ ವರ್ಷ ಪೋಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಈ ಚರಿತ್ರೆಯನ್ನು ಜಾನಕಿ ನಾಯರ್ ಅವರು ೧೯೯೮ರಲ್ಲಿ ಪ್ರಕಟಿಸಿದ, ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರನ್ನು ಕುರಿತ ಗ್ರಂಥದಲ್ಲಿ ವಿಸ್ತಾರವಾಗಿ ಶೋಧಿಸಿದ್ದಾರೆ.

೪

ನಮ್ಮ ಲಾಕ್ಷಣಿಕರು ನಾಟಕದ ಇತಿವೃತ್ತವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರಾಗಿ ವಿಂಗಡಿಸಿದ್ದಾರೆ. ಇತಿಹಾಸಪ್ರಸಿದ್ಧವಾದುದು ಪ್ರಖ್ಯಾತ, ಕವಿಕಲ್ಪಿತವಾದುದು ಉತ್ಪಾದ್ಯ, ಎರಡೂ ಬೆರೆತದ್ದು ಮಿಶ್ರ. ‘ಕೆ.ಜಿ.ಎಫ್.’ ಮಿಶ್ರವೆಂಬುದು ಸ್ಪಷ್ಟ. ೧೯೫೧ರಲ್ಲಿ ನರಾಚಿ ಎಂಬ ಕಲ್ಪಿತ ಸ್ಥಳದಲ್ಲಿ ಚಿನ್ನ ದೊರೆಯುತ್ತದೆ; ಸೂರ್ಯವರ್ಧನನೆಂಬವನು ಅದನ್ನು ಮರೆಮಾಚಿ, ಸುಣ್ಣದ ಕಲ್ಲಿನ ಗಣಿಯೆಂಬ ನೆಪದಲ್ಲಿ ಗುತ್ತಿಗೆ ಹಿಡಿದು, ಜನರನ್ನು ಜೀತಕ್ಕೆ ಹಾಕುತ್ತಾನೆ. ಅದೇ ವರ್ಷ ಹುಟ್ಟಿದ ಅನಾಥ ಬಾಲಕನು ಮುಂಬಯಿಯಲ್ಲಿ ಬೆಳೆದು, ರಾಕಿ ಎಂಬ ಹೆಸರಿನಿಂದ ಪ್ರಬಲನಾಗಿ, ಸೂರ್ಯವರ್ಧನನ ಮಗ ಗರುಡನನ್ನು ಕೊಲ್ಲುವ ಸಂಕಲ್ಪದಿಂದ ನರಾಚಿಯನ್ನು ಹೊಕ್ಕು, ಅವನನ್ನು ಕೊಂದು ತಾನೇ ಅಧಿಪತಿಯಾಗುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಗರುಡನ ಚಿಕ್ಕಪ್ಪ ಅಧೀರನೂ ದೇಶದ ಪ್ರಧಾನಿ ರಮಿಕಾ ಸೇನಳೂ ಅವನಿಗೆ ಎದುರಾಗುತ್ತಾರೆ. ಕೊನೆಗೆ ಅವನು ಚಿನ್ನದೊಡನೆ ಕಡಲಿನ ಪಾಲಾಗುತ್ತಾನೆ.

ಕಲ್ಪನೆಯ ಸ್ವಾತಂತ್ರ್ಯವನ್ನು ನಾವು ಪ್ರಶ್ನಿಸುವುದಿಲ್ಲ. ಮುದ್ರಾರಾಕ್ಷಸದ ಕವಿಯೂ ನಂದ-ಮೌರ್ಯರ ಚರಿತ್ರೆಯನ್ನು ತನಗೆ ಬೇಕಾದಂತೆ ಹೆಣೆದುಕೊಂಡನು. ಇತಿಹಾಸವನ್ನು ಬದಲಿಸಿ ಪಡೆದದ್ದು ಇತಿಹಾಸಕ್ಕಿಂತ ಸಮೃದ್ಧವಾಗಿದೆಯೆ ಎಂಬುದನ್ನು ಮಾತ್ರ ವಿಮರ್ಶಕನು ಕೇಳಬೇಕು. ಈ ದೃಷ್ಟಿಯಿಂದ ಮೂರು ಬದಲಾವಣೆಗಳು ವಿಚಾರಾರ್ಹವಾಗಿವೆ.

ಮೊದಲನೆಯದು, ಏಕಾಂತತೆ. ಚಿತ್ರದ ನರಾಚಿ ಲೋಕಕ್ಕೆ ಅಜ್ಞಾತವಾದ, ಹೊರದಾರಿಯಿಲ್ಲದ ಕತ್ತಲಕೂಪ. ನಿಜವಾದ ಗಣಿಯಾದರೋ ಸಂಸ್ಥಾನದಲ್ಲಿಯೇ ಅತ್ಯಂತ ಸಂಪರ್ಕವುಳ್ಳ ಸ್ಥಳ. ಬಂಗಾರಪೇಟೆಯ ಜಂಕ್ಷನ್ನಿನಿಂದ ಚಿನ್ನ ಹೋಯಿತು. ಅದೇ ಜಂಕ್ಷನ್ನಿನಿಂದ ಕೂಲಿಕಾರರೂ ಕಲ್ಲಿದ್ದಲೂ ಪತ್ರಿಕೆಗಳೂ ಬಂದವು. ಇಲ್ಲಿಯ ದುಃಖ ಅಡಗಿಸಿಟ್ಟ ದುಃಖವಾಗಿರಲಿಲ್ಲ. ವಾರ್ಷಿಕ ವರದಿಗಳಲ್ಲಿ ಅಚ್ಚಾಗಿ, ಷೇರುದಾರರ ಸಭೆಗಳಲ್ಲಿ ಅಂಗೀಕೃತವಾಗಿ, ಸಂಸ್ಥಾನದ ಆದಾಯದ ಲೆಕ್ಕದಲ್ಲಿ ಜಮೆಯಾದ ದುಃಖ ಅದು. ಗೋಪ್ಯವಾದ ಅನ್ಯಾಯವನ್ನು ಒಬ್ಬ ವೀರನು ಬಯಲಿಗೆಳೆಯಬಹುದು. ಕಾನೂನಿನ ಸಮ್ಮತಿಯಿಂದ ಹಾಡುಹಗಲಲ್ಲಿ ನಡೆಯುವ ಅನ್ಯಾಯಕ್ಕೆ ಅವನ ಬಳಿ ಉತ್ತರವಿಲ್ಲ. ಕತ್ತಿಗೆ ಎಟಕುವ ಅನ್ಯಾಯವನ್ನೇ ಚಿತ್ರ ಆರಿಸಿಕೊಂಡಿತು.

ಎರಡನೆಯದು, ಕಂಪನಿಯ ಲೋಪ. ಕೋಲಾರದ ಗಣಿಯ ಕಥೆಯಲ್ಲಿ ಲಂಡನ್ನಿನ ಕಂಪನಿಯೂ ಮೈಸೂರಿನ ಸರಕಾರವೂ ಎರಡು ಮುಖ್ಯ ಪಾತ್ರಗಳು. ಚಿತ್ರ ೧೯೫೧ರಿಂದ ಆರಂಭಿಸಿ ಕಂಪನಿಯನ್ನು ಪೂರ್ಣವಾಗಿ ಕೈಬಿಟ್ಟಿತು. ಸರಕಾರವನ್ನು ೧೯೮೧ರ ಒಬ್ಬ ಪ್ರಧಾನಿಯ ಕೋಪವಾಗಿ ಸಂಕ್ಷೇಪಿಸಿತು. ಅವುಗಳ ಸ್ಥಾನದಲ್ಲಿ ಬಂದದ್ದು ಒಂದು ಕ್ರೂರ ವಂಶ. ವಾಸ್ತವವಾಗಿ ಆ ಮೂವತ್ತು ವರ್ಷಗಳು ಗಣಿಗಳು ಸಾರ್ವಜನಿಕ ಆಸ್ತಿಯಾದ ಕಾಲ; ಅದಿರಿನ ಸತ್ತ್ವ ಇಳಿಯುತ್ತ, ಆಳ ಹೆಚ್ಚುತ್ತ, ಒಂದು ಊರಿನ ಆಯುಸ್ಸೇ ಲೆಕ್ಕದ ಪುಸ್ತಕದಲ್ಲಿ ಕ್ಷೀಣಿಸುತ್ತ ಹೋದ ಕಾಲ. ಅದರಲ್ಲಿ ನಾಟಕೀಯತೆ ಕಡಮೆಯೇನಲ್ಲ.

ಮೂರನೆಯದು, ಆಳ. ಇದು ಚಿತ್ರಕಲೆಗೇ ಸಂಬಂಧಪಟ್ಟ ಮಾತಾದುದರಿಂದ ಹೆಚ್ಚು ಮಹತ್ತ್ವದ್ದು. ಚಿತ್ರದ ಸಾಹಸವೆಲ್ಲ ಬಹುತೇಕ ನೆಲದ ಮೇಲೆ, ಧೂಳಿನ ಬಯಲಿನಲ್ಲಿ, ಬೃಹತ್ತಾದ ಮರದ ಕಟ್ಟಡಗಳ ನಡುವೆ ನಡೆಯುತ್ತದೆ. ಕೋಲಾರದ ಗಣಿಯನ್ನು ಲೋಕದ ಇತರ ಗಣಿಗಳಿಂದ ಬೇರ್ಪಡಿಸಿದುದು ಅದರ ಆಳ: ಪಂಜರದಲ್ಲಿ ನಿಂತು ಕತ್ತಲೆಗೆ ಇಳಿಯುವುದು, ಏರುವ ಕಾವು, ಯಾವ ಎಚ್ಚರಿಕೆಯೂ ಇಲ್ಲದೆ ಸಿಡಿಯುವ ಬಂಡೆ, ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಕೂಡುವ ಕಲ್ಲಿನ ಹುಡಿ. ಬಂಡೆಸಿಡಿತದ ಅಧ್ಯಯನ ಈ ಊರಿನಲ್ಲಿ ಒಂದು ಶಾಸ್ತ್ರವಾಗಿ ಬೆಳೆದು, ೧೯೮೮ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಇಲ್ಲಿಯೇ ಸ್ಥಾಪಿತವಾಯಿತೆಂಬುದನ್ನು ನೆನೆದರೆ ಈ ಭಯದ ಪ್ರಮಾಣ ತಿಳಿಯುತ್ತದೆ. ಭಯಾನಕರಸಕ್ಕೆ ಇದಕ್ಕಿಂತ ಪ್ರಬಲವಾದ ವಿಭಾವ ಬೇರೆ ಬೇಕಾಗಿರಲಿಲ್ಲ. ಚಿತ್ರವು ಇದನ್ನು ಬಿಟ್ಟು, ಎಲ್ಲಿ ಬೇಕಾದರೂ ನಡೆಯಬಹುದಾದ ಹೊಡೆದಾಟವನ್ನು ಆರಿಸಿಕೊಂಡಿತು.

ಇಲ್ಲಿ ಒಂದು ಸಮಾಧಾನವನ್ನು ಹೇಳುವವರಿದ್ದಾರೆ: ಇದು ನರಾಚಿಯ ಕಥೆ, ಕೋಲಾರದ್ದಲ್ಲ, ಆದುದರಿಂದ ಹೋಲಿಕೆಯೇ ಅಸಂಗತ ಎಂದು. ಹಾಗಾದರೆ ಚಿತ್ರಕ್ಕೆ ನರಾಚಿಯೆಂದೇ ಹೆಸರಿಡಬಹುದಾಗಿತ್ತು. ಹೆಸರಿನ ಮೂರಕ್ಷರಗಳಲ್ಲಿ ಅಡಗಿರುವ ಶಕ್ತಿ ಚಿತ್ರದವರು ಸೃಷ್ಟಿಸಿದುದಲ್ಲ. ನೂರಿಪ್ಪತ್ತು ವರ್ಷ ಕೆಳಗಿಳಿದವರು ಗಳಿಸಿಕೊಟ್ಟದ್ದು. ಹೆಸರನ್ನು ಎರವು ಪಡೆದ ಮೇಲೆ ಹೆಸರಿನ ಋಣವೂ ಬರುತ್ತದೆ.

೫

ಇನ್ನು ಪಾತ್ರಧಾರಿಗಳ ಆಯ್ಕೆಯ ವಿಚಾರ. ಇಲ್ಲಿ ನ್ಯಾಯವಾಗಿ ಹೇಳಬೇಕಾದರೆ ಮೊದಲ ಅಧ್ಯಾಯದ ಆಯ್ಕೆಗಳಲ್ಲಿ ವಿವೇಕವಿದೆ. ನಾಯಕನಾಗಿ ಯಶ್ ಅವರು, ಬರೆದಿಟ್ಟ ಪಾತ್ರಕ್ಕೆ ಏನು ಬೇಕೋ ಅದನ್ನು ಕೊರತೆಯಿಲ್ಲದೆ ಕೊಟ್ಟಿದ್ದಾರೆ. ಗರುಡನ ಪಾತ್ರಕ್ಕೆ ಯಶ್ ಅವರ ಅಂಗರಕ್ಷಕರಾಗಿದ್ದ ರಾಮಚಂದ್ರ ರಾಜು ಅವರನ್ನು ಆರಿಸಿದುದು ಬಹಳ ಉಚಿತವಾಯಿತು. ಅಪರಿಚಿತವಾದ ಮುಖ, ಮಿತವಾದ ಮಾತು, ಅಲುಗಾಡದ ದೃಷ್ಟಿ — ಇವುಗಳಿಂದ ಹುಟ್ಟುವ ಭಯ ಪ್ರಸಿದ್ಧ ನಟನಿಂದ ಹುಟ್ಟುತ್ತಿರಲಿಲ್ಲ. ತಾಯಿಯಾಗಿ ಅರ್ಚನಾ ಜೋಯಿಸ್ ಅವರು ನಾಯಕನಟನಿಗಿಂತ ಕಿರಿಯರೆಂಬ ಆಕ್ಷೇಪ ನಿಲ್ಲುವುದಿಲ್ಲ. ಆಕೆ ಬರುವುದು ಬಾಲ್ಯದ ಸ್ಮರಣೆಯಲ್ಲಿ, ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ ತಾಯಿಯಾಗಿ. ಎಲ್ಲಕ್ಕೂ ಮಿಗಿಲಾಗಿ, ನಿಷಿದ್ಧಗ್ರಂಥದ ಕರ್ತೃ ಆನಂದ ಇಂಗಳಗಿಯಾಗಿ ಅನಂತನಾಗ್ ಅವರ ಧ್ವನಿ ಮೊದಲ ಅಧ್ಯಾಯಕ್ಕೆ ಒಂದು ಪುರಾಣದ ಗಾಂಭೀರ್ಯವನ್ನು ಕೊಟ್ಟಿತು. ಅತ್ಯುಕ್ತಿಯೂ ಅವರ ಬಾಯಲ್ಲಿ ಸಾಕ್ಷ್ಯದಂತೆ ಕೇಳಿಸುತ್ತಿತ್ತು. ಆ ಅಧ್ಯಾಯಕ್ಕೆ ಸಾಹಸಸಂಯೋಜನೆ ಮತ್ತು ವಿಶೇಷ ದೃಶ್ಯತಂತ್ರಗಳಿಗಾಗಿ ದೊರೆತ ರಾಷ್ಟ್ರಪ್ರಶಸ್ತಿಗಳು ಅರ್ಹವಾದವು; ಭುವನ್ ಗೌಡ ಅವರ ಛಾಯಾಗ್ರಹಣದಲ್ಲಿ ಮಸಿ ಮತ್ತು ಧೂಳು ಎಂದೂ ಇಲ್ಲದ ಘನತೆಯನ್ನು ಪಡೆದಿವೆ.

ಎರಡನೆಯ ಅಧ್ಯಾಯದಲ್ಲಿ ಈ ವಿವೇಕ ಸಡಿಲವಾಯಿತು. ಅನಂತನಾಗ್ ಅವರ ಸ್ಥಾನಕ್ಕೆ ಮಗ ವಿಜಯೇಂದ್ರನಾಗಿ ಪ್ರಕಾಶ್ ರಾಜ್ ಬಂದರು. ಅವರು ಸಮರ್ಥನಟರೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಣ್ಣಾರೆ ಕಂಡು ಬರೆದವನು ಹೇಳುವ ಕಥೆಗೂ ಅವನ ಮಗನು ಹಸ್ತಪ್ರತಿಯನ್ನು ತಿರುವಿ ಹೇಳುವ ಕಥೆಗೂ ಪ್ರಾಮಾಣ್ಯದಲ್ಲಿ ವ್ಯತ್ಯಾಸವಿದೆ. ಅಧೀರನಾಗಿ ಸಂಜಯ್ ದತ್, ಪ್ರಧಾನಿಯಾಗಿ ರವೀನಾ ಟಂಡನ್ ಮುಂಬಯಿಯಿಂದ ಬಂದರು. ಐದು ಭಾಷೆಗಳ ಮಾರುಕಟ್ಟೆಗೆ ಏಕಕಾಲದಲ್ಲಿ ಹೊರಟ ಚಿತ್ರಕ್ಕೆ ಉತ್ತರದಲ್ಲಿ ಪರಿಚಿತವಾದ ಮುಖಗಳು ಬೇಕಾದುದು ಸಹಜ. ಹಾಲಿವುಡ್ಡಿನ ಜಾಮೀನಿನ ತರ್ಕವೇ ಇಲ್ಲಿಯೂ ಕೆಲಸ ಮಾಡಿತು. ಪರಿಣಾಮವೇನಾಯಿತೆಂದರೆ, ಗರುಡನು ಆ ಮಣ್ಣಿನಲ್ಲಿಯೇ ಬೆಳೆದ ಕೇಡಿನಂತೆ ಕಂಡಿದ್ದರೆ, ಅಧೀರನು ಜಡೆ, ಚರ್ಮದ ಹೊದಿಕೆ, ಭಾರಿ ಖಡ್ಗಗಳೊಡನೆ ಯೂರೋಪಿನ ಉತ್ತರದ ಕಡಲುಗಳ್ಳರ ಕಥೆಯಿಂದ ಎದ್ದುಬಂದವನಂತೆ ಕಾಣುತ್ತಾನೆ. ಮೊದಲ ಅಧ್ಯಾಯದಲ್ಲಿ ಕಣ್ಣಿಲ್ಲದ ಮುದುಕನನ್ನು ಉಳಿಸುವ ಸಂದರ್ಭದಲ್ಲಿ ನಾಯಕನ ಉತ್ಸಾಹ ವೀರರಸಕ್ಕೆ ಸ್ಥಾಯಿಯಾಗಿತ್ತು. ಎರಡನೆಯದರಲ್ಲಿ ಕ್ರೋಧ ಮಾತ್ರ ಉಳಿದು, ವೀರದ ಸ್ಥಾನವನ್ನು ರೌದ್ರ ಆಕ್ರಮಿಸುತ್ತದೆ. ಅನೌಚಿತ್ಯಕ್ಕಿಂತ ಬೇರೆ ರಸಭಂಗಕಾರಣವಿಲ್ಲವೆಂಬ ಆನಂದವರ್ಧನನ ಅಭಿಪ್ರಾಯಕ್ಕೆ ಈ ಪ್ರಸಂಗ ಹೊಸ ನಿದರ್ಶನವಾಗಿ ಸಲ್ಲಬಹುದು.

ಆದರೂ ನಮ್ಮ ಮುಖ್ಯವಾದ ಆಕ್ಷೇಪ ತಾರೆಯರನ್ನು ಕುರಿತದ್ದಲ್ಲ. ಪಾತ್ರವೇ ಇಲ್ಲದವರನ್ನು ಕುರಿತದ್ದು. ಎರಡು ಅಧ್ಯಾಯಗಳಲ್ಲಿಯೂ ಗಣಿಯ ಕೆಲಸಗಾರರು ಸಾವಿರಾರು ಸಂಖ್ಯೆಯಲ್ಲಿ ತೆರೆಯ ಮೇಲೆ ನಿಲ್ಲುತ್ತಾರೆ. ಅವರಿಗೆ ಮುಖವಿದೆ, ಮಸಿಯಿದೆ, ಕಣ್ಣೀರಿದೆ. ಒಂದು ಅಭಿಪ್ರಾಯ ಮಾತ್ರ ಇಲ್ಲ. ಅವರು ತಮ್ಮೊಳಗೆ ಚರ್ಚಿಸುವುದಿಲ್ಲ, ಭಿನ್ನಾಭಿಪ್ರಾಯ ಪಡುವುದಿಲ್ಲ. ಅವರ ನಿಜವಾದ ಮಾತು ತಮಿಳಾಗಿತ್ತು, ತೆಲುಗಾಗಿತ್ತು, ಕೋಲಾರದ ಗಡಿಗನ್ನಡವಾಗಿತ್ತು. ಮೂರೂ ಒಂದೇ ವಾಕ್ಯದಲ್ಲಿ ಕೂಡುವ ಸೊಗಸಾದ ಬೆರಕೆಯಾಗಿತ್ತು. ಚಿತ್ರದ ಒಂದೊಂದು ಭಾಷಾರೂಪದಲ್ಲಿಯೂ ಅವರು ಆಯಾ ಮಾರುಕಟ್ಟೆಯ ಭಾಷೆಯನ್ನೇ ಆಡುತ್ತಾರೆ. ಅವರ ಜಾತಿಗೆ ಸಂಬಂಧಪಟ್ಟ ಇತಿಹಾಸವಂತೂ ಎಲ್ಲಿಯೂ ಇಣುಕುವುದಿಲ್ಲ. ದೇವರಂಥ ಒಬ್ಬನು ಬರುವವರೆಗೆ ಕಾಯುವುದು ಇವರ ಏಕೈಕ ಕಾರ್ಯ. ಸಂಘವೂ ನಾಯಕನೂ ಇಲ್ಲದೆ ಮೂರು ವಾರ ಮುಷ್ಕರ ಹೂಡಿದ ಜನರ ಚಿತ್ರ ಇದಾದರೆ, ಪಾತ್ರಕ್ಕೆ ಹೊಂದದ ಆಯ್ಕೆಯೆಂಬ ಮಾತಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇರೊಂದಿಲ್ಲ.

೬

‘ತಂಗಲಾನ್’ ಈ ಕೊರತೆಯನ್ನು ಅರಿತು ಹುಟ್ಟಿದ ಕೃತಿ. ೧೮೫೦ರ ಸುಮಾರಿಗೆ ಉತ್ತರ ಆರ್ಕಾಟಿನ ವೇಪ್ಪೂರು ಎಂಬ ಹಳ್ಳಿಯಲ್ಲಿ ಭೂಮಿಯನ್ನು ಜಮೀನುದಾರನಿಗೆ ಕಳೆದುಕೊಂಡ ಕುಟುಂಬವೊಂದು, ಕ್ಲೆಮೆಂಟ್ ಎಂಬ ಆಂಗ್ಲ ಅಧಿಕಾರಿಯ ಹಿಂದೆ ಚಿನ್ನವನ್ನು ಅರಸಿ ಹೊರಡುತ್ತದೆ. ಗಣಿಗೆ ಬಂದವರು ಯಾರು, ಏಕೆ ಬಂದರು ಎಂಬ ಪ್ರಶ್ನೆಗೆ ಈ ಚಿತ್ರ ಇತಿಹಾಸಕ್ಕೆ ಸಮೀಪವಾದ ಉತ್ತರವನ್ನು ಕೊಡುತ್ತದೆ. ಕೂಲಿಕಾರರಿಗೆ ಇಲ್ಲಿ ಹೆಸರುಗಳಿವೆ, ಜಗಳಗಳಿವೆ, ಹಾಸ್ಯವಿದೆ, ಸ್ವಾರ್ಥವೂ ಇದೆ. ಗಂಗಮ್ಮನಾಗಿ ಪಾರ್ವತಿ ತಿರುವೋತ್ತು, ಗೆಂಗುಪಟ್ಟರನಾಗಿ ಪಶುಪತಿ — ಇವರ ಆಯ್ಕೆಯಲ್ಲಿ ತಾರಾಮೌಲ್ಯಕ್ಕಿಂತ ಪಾತ್ರದ ಅಗತ್ಯ ಮುಂದಾಗಿದೆ. ಆಂಗ್ಲನ ಪಾತ್ರಕ್ಕೆ ಆಂಗ್ಲ ನಟ ಡೇನಿಯಲ್ ಕಾಲ್ಟಜಿರೋನ್ ಅವರನ್ನೇ ಕರೆತಂದುದೂ ಸ್ತುತ್ಯ.

ಆದರೂ ಚಿತ್ರ ಕೊನೆಯವರೆಗೆ ತೃಪ್ತಿಯನ್ನು ಕೊಡುವುದಿಲ್ಲ. ವಿಕ್ರಮ್ ಅವರು ದೇಹವನ್ನೇ ಪಣವಾಗಿಟ್ಟು ಅಭಿನಯಿಸಿದ್ದಾರೆ. ಆದರೆ ಪೂರ್ವಜರ ಪಾತ್ರಗಳನ್ನೂ ಅವರೇ ವಹಿಸುತ್ತ ಹೋದಂತೆ, ಸಮುದಾಯವಾಗಿ ಆರಂಭವಾದುದು ಪುನಃ ಒಬ್ಬನ ಶರೀರದಲ್ಲಿ ಬಂದು ಸೇರಿಕೊಳ್ಳುತ್ತದೆ. ಮಾಳವಿಕಾ ಮೋಹನನ್ ವಹಿಸಿದ ಆರತಿಯೆಂಬ ಕಾವಲುಶಕ್ತಿಯ ಸುತ್ತ ಕಟ್ಟಿದ ಅದ್ಭುತ, ಉತ್ತರಾರ್ಧದಲ್ಲಿ ಕೂಲಿ ಮತ್ತು ಭೂಮಿಯ ಪ್ರಶ್ನೆಯನ್ನು ಮರೆಗೆ ತಳ್ಳುತ್ತದೆ. ಇನ್ನೂ ಮುಖ್ಯವಾಗಿ, ೧೮೫೦ನ್ನು ಆರಿಸಿಕೊಂಡುದರಿಂದ ವಾರೆನ್ನನ ವರದಿಗೂ ಲವೆಲ್ಲನ ಗುತ್ತಿಗೆಗೂ ನಡುವಣ ದಾಖಲೆಯಿಲ್ಲದ ಕಾಲದಲ್ಲಿ ಕಥೆ ನಿಲ್ಲುತ್ತದೆ. ಕಲ್ಪನೆಗೆ ಅಲ್ಲಿ ಅವಕಾಶ ವಿಶಾಲ. ಆದರೆ ಶಾಫ್ಟು, ಕಂಪನಿ, ಕೂಲಿಯ ಲೆಕ್ಕ, ಲೈನು, ಮುಷ್ಕರ ಇವೆಲ್ಲ ಆರಂಭವಾಗುವ ಮುನ್ನವೇ ತೆರೆ ಬೀಳುತ್ತದೆ. ಒಂದು ಚಿತ್ರ ಗಣಿಯ ಇತಿಹಾಸದ ಹಿಂದೆ ನಿಂತಿತು. ಇನ್ನೊಂದು ಅದರ ಪಕ್ಕದಲ್ಲಿ ಹಾದುಹೋಯಿತು. ಒಳಗೆ ಇಳಿದದ್ದು ಯಾವುದೂ ಇಲ್ಲ.

೭

ಚಿತ್ರಕಾರರ ಮೇಲೆ ಇಷ್ಟು ಹೇಳಿ, ನಮ್ಮ ಶಾಸ್ತ್ರವನ್ನು ಕುರಿತು ಮೌನವಾಗಿದ್ದರೆ ಅನ್ಯಾಯವಾದೀತು. ಇತಿಹಾಸಲೇಖನದಲ್ಲಿಯೂ ಪಾತ್ರಗಳ ಆಯ್ಕೆ ಎಂಬುದುಂಟು. ಕೋಲಾರದ ಗಣಿಯನ್ನು ಕುರಿತು ನಮ್ಮ ಪಠ್ಯಪುಸ್ತಕಗಳು ಕೊಡುವ ಪುಟದಲ್ಲಿ ವಾರೆನ್ ಇದ್ದಾನೆ, ಲವೆಲ್ ಇದ್ದಾನೆ, ಟೇಲರ್ ಇದ್ದಾನೆ, ಶಿವನಸಮುದ್ರದ ವಿದ್ಯುತ್ತಿದೆ. ಊರಿನ ಪೇಟೆಗೆ ರೆಸಿಡೆಂಟ್ ರಾಬರ್ಟ್‌ಸನ್ನನ ಹೆಸರು. ಗಣಿಯ ಶಾಫ್ಟುಗಳಿಗೆ ಗಿಫರ್ಡ್, ಎಡ್ಗರ್ ಎಂಬ ಹೆಸರುಗಳು. ಬಂಡೆಯನ್ನು ಕೊರೆದವರು ಅಲ್ಲಿಯೂ ಹೆಸರಿಲ್ಲದ ಸಮೂಹವೇ. ತಮಿಳು ಮಾತಿನವರೆಂಬ ಕಾರಣದಿಂದ ಕನ್ನಡದ ಇತಿಹಾಸಲೇಖನ ಅವರನ್ನು ತನ್ನವರೆಂದು ಎಣಿಸಲಿಲ್ಲ. ಕನ್ನಡನಾಡಿನಲ್ಲಿ ಇದ್ದುದರಿಂದ ತಮಿಳಿನವರೂ ಬಹುಕಾಲ ವಿಚಾರಿಸಲಿಲ್ಲ. ಚಿತ್ರದ ಹಿನ್ನೆಲೆಯಲ್ಲಿ ನಿಂತ ಆ ಗುಂಪನ್ನು ಹಾಗೆ ನಿಲ್ಲಿಸಿದವರಲ್ಲಿ ಚಿತ್ರಕಾರರು ಮೊದಲಿಗರಲ್ಲ.

೧೯೩೦ರ ಮುಷ್ಕರವನ್ನೇ ತೆಗೆದುಕೊಳ್ಳಿ. ಸಾವಿರಾರು ಜನ ತಮ್ಮ ಬೆರಳಿನ ಗುರುತನ್ನು ಕಂಪನಿಯ ಕಾಗದಕ್ಕೆ ಒತ್ತಲಾರೆವೆಂದು ಕೆಲಸವನ್ನು ನಿಲ್ಲಿಸಿದರು. ತಾವು ಯಾರೆಂಬುದನ್ನು ದಾಖಲಿಸುವ ಅಧಿಕಾರ ಯಾರ ಕೈಯಲ್ಲ‌ಿರಬೇಕೆಂಬುದು ಅಲ್ಲಿಯ ತಕರಾರು. ಇದರಲ್ಲಿ ಕ್ರಿಯೆಯಿದೆ, ಸಂಘರ್ಷವಿದೆ, ಅಪಾಯವಿದೆ. ಸಾಹಸಚಿತ್ರಕ್ಕೆ ಬೇಕಾದುದೆಲ್ಲವೂ ಇದೆ. ಆದರೆ ಇದಕ್ಕೆ ನಾಯಕನಟನೊಬ್ಬನನ್ನು ಆರಿಸಲು ಬರುವುದಿಲ್ಲ. ಇಂಥ ವಸ್ತುವನ್ನು ಹಿಡಿಯುವ ಧೈರ್ಯ ನಮ್ಮ ಚಿತ್ರಕಾರರಿಗೆ ಬರುವವರೆಗೆ ಕಾದು ಕುಳಿತುಕೊಳ್ಳುವುದು ನಮ್ಮ ಕೆಲಸವಲ್ಲ. ವಸ್ತುವನ್ನು ಸಿದ್ಧವಾಗಿಡುವುದು ನಮ್ಮ ಕೆಲಸ.

ಅದಕ್ಕೆ ಉಳಿದಿರುವ ಕಾಲ ಅಲ್ಪ. ೨೦೦೧ರಲ್ಲಿ ಕೆಲಸ ಕಳೆದುಕೊಂಡವರಲ್ಲಿ ಅತ್ಯಂತ ಕಿರಿಯರೂ ಈಗ ವೃದ್ಧಾಪ್ಯದ ಹೊಸ್ತಿಲಲ್ಲಿದ್ದಾರೆ. ೧೯೬೦ರ ದಶಕದಲ್ಲಿ ಪಂಜರದಲ್ಲಿ ಇಳಿದವರು ಕೆಲವರೇ ಉಳಿದಿದ್ದಾರೆ. ಬೆಳಗಿನ ರೈಲಿನಲ್ಲಿ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗುವ ಅವರ ಮಕ್ಕಳಿಗೆ ಕುಳಿತು ಕೇಳುವ ಬಿಡುವಿಲ್ಲ. ನಮ್ಮ ಕಾಲೇಜುಗಳ ಸ್ನಾತಕ ವಿದ್ಯಾರ್ಥಿಗಳು, ತಮ್ಮ ಓಣಿಯಲ್ಲಿಯೇ ಇರುವ ಒಬ್ಬೊಬ್ಬ ಹಳೆಯ ಕೆಲಸಗಾರನಿಂದ ಅವನ ಭಾಷೆಯಲ್ಲಿಯೇ ಅವನ ವೃತ್ತಾಂತವನ್ನು ಬರೆದುಕೊಂಡು ಬರುವಂತೆ ವಿಧಿಸುವುದು ಯಾವ ಅನುದಾನವೂ ಇಲ್ಲದೆ ಆಗಬಹುದಾದ ಕೆಲಸ. ಯಾವ ಶಾಫ್ಟು, ಯಾವ ಮಟ್ಟ, ಯಾವ ಪಾಳಿ, ಎಷ್ಟು ಕೂಲಿ, ಜೊತೆಗೆ ಇಳಿದು ಮೇಲೆ ಬಾರದವರು ಯಾರು — ಇಷ್ಟನ್ನು ಕೇಳಿದರೂ ಸಾಕು. ತಮಿಳಿನಲ್ಲಿ ಹೇಳಿದುದನ್ನು ತಮಿಳಿನಲ್ಲಿಯೂ ತೆಲುಗಿನಲ್ಲಿ ಹೇಳಿದುದನ್ನು ತೆಲುಗಿನಲ್ಲಿಯೂ ಬರೆದಿಟ್ಟು, ಆಮೇಲೆ ಕನ್ನಡಕ್ಕೆ ತಂದುಕೊಳ್ಳಬೇಕು. ಹೆಸರು ಹೇಳಲು ಒಪ್ಪುವವರ ಹೆಸರನ್ನು ಬರೆಯಬೇಕು. ಒಪ್ಪದವರ ಹೆಸರನ್ನು ಬಿಡಬೇಕು. ಬೆರಳಚ್ಚಿನ ಕಾಲದಲ್ಲಿ ಅವರ ಹಿರಿಯರು ಕೇಳಿದುದೂ ಈ ಹಕ್ಕನ್ನೇ.